ಹಳೆಯ ಕಂಪ್ಯೂಟರು, ಹೊಸ ಡ್ರಾಯಿಂಗು: ಡಿಡಬ್ಲ್ಯೂಜಿ ಫೈಲಿನ ನಲವತ್ತು ವರ್ಷ

ಕಟ್ಟಡದ್ದೋ ಯಂತ್ರದ ಬಿಡಿಭಾಗದ್ದೋ ನಕ್ಷೆ ಇರುವ ಡಿಡಬ್ಲ್ಯೂಜಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪರದೆಯ ತುಂಬ ಅರ್ಥವಾಗದ ಚಿಹ್ನೆಗಳೇ ಕಾಣುತ್ತವೆ. ಓದಲು ಬರುವುದು ಶುರುವಿನ ಆರು ಅಕ್ಷರ ಮಾತ್ರ. ಎಸಿ1009, ಎಸಿ1015, ಎಸಿ1032, ಹೀಗೆ ಏನಾದರೊಂದು ಇರುತ್ತದೆ. ಆ ಫೈಲು ಯಾವ ಕಾಲದ್ದು, ಅದನ್ನು ತೆರೆಯಲು ಯಾವ ಕಾಲದ ಸಾಫ್ಟ್‌ವೇರ್ ಬೇಕು ಎಂಬುದನ್ನು ಈ ಆರು ಅಕ್ಷರ ಹೇಳುತ್ತವೆ. ಎಸಿ1009 ಎಂದಿದ್ದರೆ ಅದು ಆಟೊಕ್ಯಾಡ್‌ನ ರಿಲೀಸ್ 11 ಅಥವಾ 12ರ ಕಾಲದ್ದು. ಎಸಿ1015 ಎಂದರೆ ಆಟೊಕ್ಯಾಡ್ 2000ದಿಂದ 2002ರವರೆಗಿನದು. ಎಸಿ1032 ಎಂದರೆ 2018 ಮತ್ತು ಅದರ ನಂತರದ್ದು.

ಪೀಣ್ಯ, ಪಿಂಪ್ರಿ-ಚಿಂಚವಾಡ, ಅಂಬತ್ತೂರು, ಬಾಲಾನಗರದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ವರ್ಕ್‌ಶಾಪುಗಳಿಗೆ ಈ ಅಕ್ಷರಗಳ ಬಿಸಿ ಚೆನ್ನಾಗಿ ಗೊತ್ತು. ದೊಡ್ಡ ಗಿರಾಕಿಯ ಕಡೆಯಿಂದ ಮೇಲ್‌ನಲ್ಲಿ ಡ್ರಾಯಿಂಗ್ ಬರುತ್ತದೆ. ಲೇಥ್ ಪಕ್ಕದ ಕ್ಯಾಬಿನ್ನಿನಲ್ಲಿರುವ, ವಿಂಡೋಸ್ ಎಕ್ಸ್‌ಪಿಯ ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಬದಲಿಸಬೇಕಾದದ್ದು ಒಂದು ರಂಧ್ರದ ಅಳತೆ ಅಷ್ಟೆ. ಅಷ್ಟಕ್ಕೆ ಹೊಸ ಕಂಪ್ಯೂಟರು, ಅದರ ಮೇಲೆ ವರ್ಷವರ್ಷವೂ ಬಾಡಿಗೆ ಕಟ್ಟುವ ಸಾಫ್ಟ್‌ವೇರು ಬೇಕು ಎನ್ನುವ ಉತ್ತರ ಸಿಗುತ್ತದೆ. ಇದಕ್ಕೆ ಬೇರೆ ಉತ್ತರಗಳೂ ಇವೆ. ಅವು ಹೇಗೆ ಬಂದವು ಎಂದು ತಿಳಿಯಬೇಕಾದರೆ ಆಟೊಕ್ಯಾಡ್ ಹುಟ್ಟಿದ ಕಾಲಕ್ಕೆ ಹೋಗಬೇಕು.

ಸಾವಿರ ಡಾಲರಿನ ಕ್ಯಾಡ್

ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎಳೆದು ತಿದ್ದಬಹುದು ಎಂದು ಮೊದಲು ಮಾಡಿ ತೋರಿಸಿದವರಲ್ಲಿ ಇವಾನ್ ಸದರ್‌ಲೆಂಡ್ ಮುಖ್ಯರು. ಅಮೆರಿಕದ ಎಂಐಟಿಯಲ್ಲಿ 1963ರಲ್ಲಿ ಅವರು ಸಲ್ಲಿಸಿದ ಸ್ಕೆಚ್‌ಪ್ಯಾಡ್ ಎಂಬ ಪ್ರಬಂಧ ಟಿಎಕ್ಸ್-2 ಎಂಬ ಕೋಣೆ ತುಂಬುವ ಯಂತ್ರದ ಮೇಲೆ ನಡೆದ ಕೆಲಸ. 1970ರ ದಶಕದಲ್ಲಿ ಕಂಪ್ಯೂಟರ್‌ವಿಷನ್, ಇಂಟರ್‌ಗ್ರಾಫ್‌ನಂಥ ಕಂಪನಿಗಳು ಕ್ಯಾಡ್ ಮಾರಾಟಕ್ಕಿಳಿದವು. ಸಾಫ್ಟ್‌ವೇರ್ ಮಾತ್ರ ಬೇಕೆಂದರೆ ಆಗುತ್ತಿರಲಿಲ್ಲ. ಮಿನಿ ಕಂಪ್ಯೂಟರು, ವಿಶೇಷ ಪರದೆ, ಪ್ಲಾಟರು ಎಲ್ಲ ಸೇರಿಸಿಯೇ ಕೊಳ್ಳಬೇಕಿತ್ತು. ವಿಮಾನ, ಕಾರು, ಹಡಗು ಕಟ್ಟುವವರಿಗೆ ಮಾತ್ರ ಎಟುಕುವ ಬೆಲೆ. ಮಿಕ್ಕವರೆಲ್ಲ ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರು, ಟ್ರೇಸಿಂಗ್ ಪೇಪರು, ಅಮೋನಿಯಾ ಪ್ರಿಂಟಿನ ಲೋಕದಲ್ಲೇ ಇದ್ದರು.

ಅದೇ ಹೊತ್ತಿಗೆ ಮೈಕ್ ರಿಡಲ್ ಎಂಬವರು ಇಂಟರ್‍ಯಾಕ್ಟ್ ಎಂಬ ಕ್ಯಾಡ್ ಪ್ರೋಗ್ರಾಂ ಬರೆದಿದ್ದರು. ಅದು ಮಾರಿನ್‌ಚಿಪ್ ಎಂಬ ಸಣ್ಣ ಕಂಪನಿಯ ಕಂಪ್ಯೂಟರಿನ ಮೇಲೆ ನಡೆಯುತ್ತಿತ್ತು. ಆ ಕಂಪನಿ ಜಾನ್ ವಾಕರ್ ಮತ್ತು ಡ್ಯಾನ್ ಡ್ರೇಕ್ ಅವರದು. 1982ರಲ್ಲಿ ವಾಕರ್ ತಮ್ಮ ಸುತ್ತಲಿನ ಪ್ರೋಗ್ರಾಮರುಗಳನ್ನು ಸೇರಿಸಿಕೊಂಡು, ಎಲ್ಲರೂ ಕೈಯಿಂದ ಹಣ ಹಾಕಿ, ಕ್ಯಾಲಿಫೋರ್ನಿಯಾದಲ್ಲಿ ಆಟೊಡೆಸ್ಕ್ ಶುರುಮಾಡಿದರು. ಸೇರಿದ ಬಂಡವಾಳ ಸುಮಾರು 59,000 ಡಾಲರ್. ತಯಾರಿಸಲು ಅಂದುಕೊಂಡ ಸಾಫ್ಟ್‌ವೇರುಗಳು ಹಲವು. ಕಚೇರಿಯ ಕಾಗದಪತ್ರ ಜೋಡಿಸಿಡುವ ಪ್ರೋಗ್ರಾಂ ಒಂದು ಅದರಲ್ಲಿತ್ತು, ಕಂಪನಿಯ ಹೆಸರು ಬಂದದ್ದೇ ಅದರಿಂದ. ರಿಡಲ್ ಅವರಿಂದ ಪಡೆದ ಇಂಟರ್‍ಯಾಕ್ಟ್ ಆ ಪಟ್ಟಿಯಲ್ಲಿ ಇನ್ನೊಂದು ಅಷ್ಟೆ. ಅದನ್ನು ಹೊಸ ಪರ್ಸನಲ್ ಕಂಪ್ಯೂಟರುಗಳಿಗೆ ಹೊಂದಿಸಿ ಆಟೊಕ್ಯಾಡ್ ಎಂದು ಕರೆದರು.

1982ರ ನವೆಂಬರ್‌ನಲ್ಲಿ ಲಾಸ್ ವೇಗಾಸ್‌ನ ಕಾಮ್‌ಡೆಕ್ಸ್ ಮೇಳದಲ್ಲಿ ಆಟೊಕ್ಯಾಡ್ ತೋರಿಸಿದಾಗ ಜನ ಮುಗಿಬಿದ್ದರು. ಡಿಸೆಂಬರ್‌ನಲ್ಲಿ ಮಾರಾಟ ಶುರುವಾಯಿತು, ಬೆಲೆ ಸಾವಿರ ಡಾಲರ್. ದೊಡ್ಡ ವ್ಯವಸ್ಥೆಗಳು ಮಾಡುತ್ತಿದ್ದುದನ್ನೆಲ್ಲ ಅದು ಮಾಡುತ್ತಿರಲಿಲ್ಲ, ನಿಧಾನವೂ ಇತ್ತು. ಆದರೆ ಇಬ್ಬರು ಮೂವರಿರುವ ಆರ್ಕಿಟೆಕ್ಟ್ ಕಚೇರಿಗೂ ಅದನ್ನು ಕೊಳ್ಳಬಹುದಿತ್ತು. ಮುಂದೆ ಮೈಕ್ ರಿಡಲ್ ಅವರೇ ಬೇರೆ ಕಂಪನಿ ಕಟ್ಟಿ, ಸಣ್ಣ ಕಂಪ್ಯೂಟರಿನಲ್ಲಿ ವೇಗವಾಗಿ ಓಡುವಂತೆ ಅಸೆಂಬ್ಲಿ ಭಾಷೆಯಲ್ಲಿ ಬರೆದ ಫಾಸ್ಟ್‌ಕ್ಯಾಡ್ ತಂದರು. ಬಡ ಯಂತ್ರಕ್ಕೂ ಕ್ಯಾಡ್ ಸಿಗಬೇಕು ಎಂಬ ಆಸೆ ಈ ಕಥೆಯ ಮೊದಲಿನಿಂದಲೇ ಇದೆ.

ಒಂದೇ ಡ್ರಾಯಿಂಗಿಗೆ ಎರಡು ಫೈಲು

ಆಟೊಕ್ಯಾಡ್ ತನ್ನ ಡ್ರಾಯಿಂಗನ್ನು ಡಿಡಬ್ಲ್ಯೂಜಿ ಎಂಬ ರೂಪದಲ್ಲಿ ಕೂಡಿಡುತ್ತಿತ್ತು. ಅದರ ಒಳರಚನೆ ಹೇಗಿದೆ ಎಂದು ಆಟೊಡೆಸ್ಕ್ ಹೊರಗೆ ಹೇಳಲಿಲ್ಲ. ಬೇರೆ ಪ್ರೋಗ್ರಾಂಗಳೊಂದಿಗೆ ಡ್ರಾಯಿಂಗ್ ಕೊಟ್ಟು ತೆಗೆದುಕೊಳ್ಳಲು ಮೊದಲ ಆವೃತ್ತಿಯಿಂದಲೇ ಇನ್ನೊಂದು ರೂಪವನ್ನು ಇಟ್ಟಿತು. ಅದೇ ಡಿಎಕ್ಸ್‌ಎಫ್.

ಡಿಎಕ್ಸ್‌ಎಫ್ ಬರಿಯ ಪಠ್ಯ. ಒಂದು ಸಾಲಿನಲ್ಲಿ ಸಂಕೇತದ ಸಂಖ್ಯೆ, ಮುಂದಿನ ಸಾಲಿನಲ್ಲಿ ಅದರ ಬೆಲೆ. ಒಂದು ನೇರ ಗೆರೆ ಇದ್ದರೆ 0 ಎಂಬ ಸಂಕೇತದ ಕೆಳಗೆ ಲೈನ್ ಎಂಬ ಹೆಸರು, 8ರ ಕೆಳಗೆ ಅದು ಯಾವ ಲೇಯರಿನಲ್ಲಿದೆ ಎಂಬುದು, 10 ಮತ್ತು 20ರ ಕೆಳಗೆ ಗೆರೆ ಶುರುವಾಗುವ ಬಿಂದು, 11 ಮತ್ತು 21ರ ಕೆಳಗೆ ಮುಗಿಯುವ ಬಿಂದು. ಇಷ್ಟು ಗೊತ್ತಿದ್ದರೆ ಯಾವ ಕ್ಯಾಡ್ ಸಾಫ್ಟ್‌ವೇರೂ ಇಲ್ಲದೆ ನೋಟ್‌ಪ್ಯಾಡಿನಲ್ಲೇ ಗೆರೆಯ ಉದ್ದ ಬದಲಿಸಬಹುದು. ಲೇಸರ್ ಕಟಿಂಗ್, ಸಿಎನ್‌ಸಿ ಕೆಲಸದವರು ಇವತ್ತಿಗೂ 'ರಿಲೀಸ್ 12 ಡಿಎಕ್ಸ್‌ಎಫ್ ಕಳಿಸಿ' ಎಂದು ಕೇಳುವುದು ಈ ಸರಳತೆಯಿಂದಲೇ. ರಿಲೀಸ್ 12 ಬಂದದ್ದು 1992ರಲ್ಲಿ.

ಸರಳತೆಗೆ ಬೆಲೆಯೂ ಇದೆ. ದೀರ್ಘವೃತ್ತ, ಸ್ಪ್ಲೈನ್ ಎಂಬ ಹರಿಯುವ ವಕ್ರರೇಖೆ, ಹಲವು ಸಾಲಿನ ಬರಹ ಇವೆಲ್ಲ ರಿಲೀಸ್ 13ರಲ್ಲಿ ಬಂದವು. 12ರ ರೂಪಕ್ಕೆ ಇಳಿಸಿದಾಗ ವಕ್ರರೇಖೆಗಳು ಸಣ್ಣ ಸಣ್ಣ ತುಂಡುಗಳಾಗುತ್ತವೆ, ಬರಹ ಸಾಲು ಸಾಲಾಗಿ ಬಿಡಿಯಾಗುತ್ತದೆ. ವೃತ್ತ, ಕಂಸ, ನೇರ ಗೆರೆಗಳಿಗೆ ಏನೂ ಆಗುವುದಿಲ್ಲ. ತಗಡು ಕತ್ತರಿಸುವ ಡ್ರಾಯಿಂಗಿಗೆ ಬಹುಪಾಲು ಇಷ್ಟು ಸಾಕು.

ಆದರೆ ಜಗತ್ತಿನ ಕಚೇರಿಗಳಲ್ಲಿ ರಾಶಿ ಬಿದ್ದದ್ದು ಡಿಎಕ್ಸ್‌ಎಫ್ ಅಲ್ಲ, ಡಿಡಬ್ಲ್ಯೂಜಿ. ಸೇವ್ ಒತ್ತಿದರೆ ಆಗುವುದು ಅದೇ ತಾನೆ.

ಯಂತ್ರ ಹಿಂದೆ ಬೀಳುವ ಬಗೆ

ಪ್ರತಿ ಕೆಲವು ವರ್ಷಕ್ಕೆ ಡಿಡಬ್ಲ್ಯೂಜಿಯ ಒಳರಚನೆ ಬದಲಾಯಿತು. 1994ರ ರಿಲೀಸ್ 13, 1997ರ ರಿಲೀಸ್ 14, ಆಮೇಲೆ 2000, 2004, 2007, 2010, 2013, 2018. ಹೊಸ ಆಟೊಕ್ಯಾಡ್ ಹಳೆಯ ಫೈಲನ್ನು ತೆರೆಯುತ್ತದೆ, ಹಳೆಯದು ಹೊಸ ಫೈಲನ್ನು ತೆರೆಯುವುದಿಲ್ಲ. ಹಾಗಾಗಿ ಒಂದು ದೊಡ್ಡ ಕಂಪನಿ ಹೊಸ ಆವೃತ್ತಿಗೆ ಹೋದರೆ ಅದಕ್ಕೆ ಕೆಲಸ ಮಾಡಿಕೊಡುವ ಹತ್ತಾರು ಸಣ್ಣ ಘಟಕಗಳೂ ಹಿಂದೆಯೇ ಓಡಬೇಕಾಯಿತು. ಯಾರೂ ಬಲವಂತ ಮಾಡಬೇಕಿರಲಿಲ್ಲ, ಫೈಲೇ ಆ ಕೆಲಸ ಮಾಡುತ್ತಿತ್ತು.

ಸಾಫ್ಟ್‌ವೇರಿನ ಜೊತೆ ಯಂತ್ರವೂ ಬದಲಾಗಬೇಕಿತ್ತು. 1980ರ ದಶಕದ ಕೊನೆಯಲ್ಲಿ ಆಟೊಕ್ಯಾಡ್‌ಗೆ ಲೆಕ್ಕ ಮಾಡುವ ಪ್ರತ್ಯೇಕ ಚಿಪ್ಪು ಬೇಕಾಯಿತು. ರಿಲೀಸ್ 14 ವಿಂಡೋಸ್‌ಗೆ ಮಾತ್ರ ಬಂದಾಗ ಡಾಸ್ ಮತ್ತು ಯುನಿಕ್ಸ್ ಬಳಕೆದಾರರು ಹೊರಗುಳಿದರು. ಎಕ್ಸ್‌ಪಿಯಲ್ಲಿ ನಡೆಯುವ ಕೊನೆಯ ಆವೃತ್ತಿ 2014ರದು. 32-ಬಿಟ್ ಯಂತ್ರಗಳಿಗೆ 2019ರದು ಕೊನೆ. ಇದರ ವಿರುದ್ಧ ದಿಕ್ಕಿನ ತೊಂದರೆಯೂ ಇತ್ತು. ದುಡ್ಡು ಕೊಟ್ಟು ಕೊಂಡ ರಿಲೀಸ್ 14ರ ಸಿಡಿ ಕೈಯಲ್ಲಿದ್ದರೂ ಅದನ್ನು ಹೊಸ 64-ಬಿಟ್ ವಿಂಡೋಸ್‌ನಲ್ಲಿ ಹಾಕಲಾಗುವುದಿಲ್ಲ, ಅದರ ಇನ್‌ಸ್ಟಾಲರ್ 16-ಬಿಟ್‌ನದು. ಹಳೆಯ ಸಾಫ್ಟ್‌ವೇರಿಗಾಗಿ ಹಳೆಯ ಯಂತ್ರವನ್ನು ಜೋಪಾನ ಮಾಡುವುದು ಹೀಗೆ ಶುರುವಾಯಿತು. ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಎಂಬ ಬೀಗ ಇದ್ದ ಕಡೆ ಇನ್ನೂ ಕಷ್ಟ. ಹೊಸ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ.

2016ರಲ್ಲಿ ಆಟೊಡೆಸ್ಕ್ ಒಮ್ಮೆ ಕೊಂಡು ಕಾಯಂ ಬಳಸುವ ಹೊಸ ಪರವಾನಗಿಗಳನ್ನು ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ಅಲ್ಲಿಯವರೆಗೆ 'ನಮ್ಮ ಆಟೊಕ್ಯಾಡ್ ಹಳೆಯದು' ಎನ್ನುತ್ತಿದ್ದವರಿಗೆ ಅದಾದರೂ ಕೈಯಲ್ಲಿತ್ತು. ಚಂದಾ ನಿಂತ ದಿನ ಕೈಯಲ್ಲಿ ಉಳಿಯುವುದು ಫೈಲುಗಳು ಮಾತ್ರ.

ಬೀಗ ಬಿಚ್ಚಿದವರು

ಡಿಡಬ್ಲ್ಯೂಜಿಯ ಒಳರಚನೆಯನ್ನು ಆಟೊಡೆಸ್ಕ್ ಹೇಳದಿದ್ದರೂ ಹೊರಗಿನವರು ಕಂಡುಕೊಂಡರು. ವಿಧಾನ ತಾಳ್ಮೆಯದು. ಒಂದೇ ಗೆರೆ ಇರುವ ಡ್ರಾಯಿಂಗ್ ಮಾಡಿ ಸೇವ್ ಮಾಡುವುದು, ಗೆರೆಯನ್ನು ಒಂದಿಷ್ಟು ಸರಿಸಿ ಮತ್ತೆ ಸೇವ್ ಮಾಡುವುದು, ಎರಡು ಫೈಲುಗಳಲ್ಲಿ ಯಾವ ಬೈಟ್ ಬದಲಾಯಿತು ಎಂದು ನೋಡುವುದು. ಹೀಗೆ ಸಾವಿರಾರು ಸಲ. ಮಾರ್‌ಕಾಂಪ್ ಎಂಬ ಸಣ್ಣ ಕಂಪನಿ ಈ ಕೆಲಸ ಮಾಡಿ ಡಿಡಬ್ಲ್ಯೂಜಿಯನ್ನು ಓದುವ ಬರೆಯುವ ಲೈಬ್ರರಿಯನ್ನು ಮಾರುತ್ತಿತ್ತು.

ಇನ್ನೊಂದು ಕಡೆ ಸಾಫ್ಟ್‌ಡೆಸ್ಕ್ ಎಂಬ ಕಂಪನಿ ಆಟೊಕ್ಯಾಡ್‌ಗೆ ಪ್ರತಿಸ್ಪರ್ಧಿಯಾಗಬಲ್ಲ ಇಂಟೆಲಿಕ್ಯಾಡ್ ಎಂಬುದನ್ನು ತಯಾರಿಸುತ್ತಿತ್ತು. ಸಾಫ್ಟ್‌ಡೆಸ್ಕನ್ನೇ ಕೊಳ್ಳಲು ಆಟೊಡೆಸ್ಕ್ ಮುಂದಾದಾಗ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಡೆದು ಷರತ್ತು ಹಾಕಿತು: ಇಂಟೆಲಿಕ್ಯಾಡ್ ಮಾತ್ರ ಆಟೊಡೆಸ್ಕ್ ಕೈಗೆ ಹೋಗಕೂಡದು. 1997ರಲ್ಲಿ ಅದು ಸಿಯಾಟಲ್‌ನ ವಿಸಿಯೊ ಕಂಪನಿಯ ಪಾಲಾಯಿತು. ವಿಸಿಯೊ ಮರುವರ್ಷ ಮಾರ್‌ಕಾಂಪ್‌ ಅನ್ನೂ ಕೊಂಡು, ಡಿಡಬ್ಲ್ಯೂಜಿ ಲೈಬ್ರರಿಯನ್ನು ತನ್ನೊಬ್ಬಳದಾಗಿ ಇಟ್ಟುಕೊಳ್ಳದೆ ಓಪನ್‌ಡಿಡಬ್ಲ್ಯೂಜಿ ಅಲಯನ್ಸ್ ಎಂಬ ಲಾಭರಹಿತ ಒಕ್ಕೂಟ ಮಾಡಿ ಅದಕ್ಕೆ ವಹಿಸಿತು. ಮುಂದೆ ಅದರ ಹೆಸರು ಓಪನ್ ಡಿಸೈನ್ ಅಲಯನ್ಸ್ ಎಂದಾಯಿತು. 1999ರಲ್ಲಿ ಇಂಟೆಲಿಕ್ಯಾಡ್‌ಗೂ ಸದಸ್ಯ ಕಂಪನಿಗಳ ಒಕ್ಕೂಟ ಆಯಿತು. ವಿಸಿಯೊವನ್ನು ಮೈಕ್ರೊಸಾಫ್ಟ್ ಕೊಂಡಿತು, ಆದರೆ ಒಕ್ಕೂಟಗಳು ಉಳಿದುಕೊಂಡವು. ಇವತ್ತು ಆಟೊಕ್ಯಾಡ್ ಅಲ್ಲದ ಎಷ್ಟೋ ಕ್ಯಾಡ್‌ಗಳು ಡಿಡಬ್ಲ್ಯೂಜಿ ತೆರೆಯುವುದು ಅಲಯನ್ಸ್‌ನ ಲೈಬ್ರರಿಯ ಬಲದಿಂದಲೇ.

ಅಲಯನ್ಸ್ ಇನ್ನೊಂದು ಕೆಲಸವನ್ನೂ ಮಾಡಿತು. ತಾನು ಕಂಡುಕೊಂಡ ಒಳರಚನೆಯ ವಿವರವನ್ನು ಬರೆದು ಯಾರು ಬೇಕಾದರೂ ಓದುವಂತೆ ಪ್ರಕಟಿಸಿತು. 2004ರ ಫೈಲಿನಲ್ಲಿ ಮಾಹಿತಿಯನ್ನು ಕುಗ್ಗಿಸಿ ತಲೆಭಾಗವನ್ನು ಮರೆಮಾಚಿದ್ದು, 2007ರ ಫೈಲಿಗೆ ರೀಡ್-ಸಾಲಮನ್ ಸಂಕೇತ ಸೇರಿಸಿದ್ದು ಎಲ್ಲ ಅದರಲ್ಲಿದೆ. ಒಂದು ಕಂಪನಿಯ ಫೈಲಿನ ಕೈಪಿಡಿಯನ್ನು ಆ ಕಂಪನಿಯ ಎದುರಾಳಿಗಳು ಬರೆದುಕೊಟ್ಟಂತಾಯಿತು.

ಆಟೊಡೆಸ್ಕ್ ಸುಮ್ಮನಿರಲಿಲ್ಲ. ಆಟೊಕ್ಯಾಡ್ 2007ರಲ್ಲಿ ತನ್ನ ಸಾಫ್ಟ್‌ವೇರಿನಿಂದ ಸೇವ್ ಆದ ಫೈಲಿಗೆ ಟ್ರಸ್ಟೆಡ್‌ಡಿಡಬ್ಲ್ಯೂಜಿ ಎಂಬ ಗುರುತು ಹಾಕಿತು. ಗುರುತಿಲ್ಲದ ಫೈಲು ತೆರೆದರೆ ಬಳಕೆದಾರನಿಗೆ ಎಚ್ಚರಿಕೆ ಕಾಣಿಸುತ್ತಿತ್ತು. ಅಲಯನ್ಸ್ ತನ್ನ ಲೈಬ್ರರಿಯಲ್ಲೂ ಅದೇ ಗುರುತು ಹಾಕಿದಾಗ 2006ರ ನವೆಂಬರ್‌ನಲ್ಲಿ ಆಟೊಡೆಸ್ಕ್ ಕೋರ್ಟಿಗೆ ಹೋಯಿತು. 2007ರಲ್ಲಿ ರಾಜಿಯಾಯಿತು. ಅಲಯನ್ಸ್ ಆ ಗುರುತನ್ನು ಕೈಬಿಟ್ಟಿತು, ಆಟೊಡೆಸ್ಕ್ ಎಚ್ಚರಿಕೆಯ ಮಾತನ್ನು ಬದಲಿಸಿತು. ಡಿಡಬ್ಲ್ಯೂಜಿ ಎಂಬ ಮೂರಕ್ಷರವೇ ತನ್ನ ಟ್ರೇಡ್‌ಮಾರ್ಕ್ ಎಂಬ ಅದರ ಅರ್ಜಿಯನ್ನು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ಒಪ್ಪಲಿಲ್ಲ. 2014ರಲ್ಲಿ ಫೆಡರಲ್ ಕೋರ್ಟೂ ಒಪ್ಪಲಿಲ್ಲ. ಜನ ಆ ಹೆಸರನ್ನು ಒಂದು ಬಗೆಯ ಫೈಲಿಗೆ ಬಳಸುತ್ತಾರೆ, ಒಂದು ಕಂಪನಿಯ ಗುರುತಾಗಿ ಅಲ್ಲ ಎಂಬುದು ವಿವಾದದ ತಿರುಳು. 2020ರಲ್ಲಿ ಆಟೊಡೆಸ್ಕ್ ತಾನೇ ಅಲಯನ್ಸ್‌ನ ಸದಸ್ಯನಾಯಿತು.

ಪುಕ್ಕಟೆಯಲ್ಲೂ ಬಗೆಗಳು

ಫ್ರಾನ್ಸಿನ ದಸೊ ಸಿಸ್ಟಮ್ಸ್ 2010ರಲ್ಲಿ ಡ್ರಾಫ್ಟ್‌ಸೈಟ್ ಎಂಬ ಕ್ಯಾಡನ್ನು ಪುಕ್ಕಟೆಯಾಗಿ ಬಿಟ್ಟಿತು. ಡಿಡಬ್ಲ್ಯೂಜಿ ತೆರೆಯುತ್ತಿತ್ತು, ತಿದ್ದಿ ಡಿಡಬ್ಲ್ಯೂಜಿಯಾಗಿಯೇ ಸೇವ್ ಮಾಡುತ್ತಿತ್ತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತಿತ್ತು. ಸಣ್ಣ ಕಚೇರಿಗಳು, ವಿದ್ಯಾರ್ಥಿಗಳು ಅದಕ್ಕೆ ಒಗ್ಗಿಕೊಂಡರು. 2019ರಲ್ಲಿ ಪುಕ್ಕಟೆ ಆವೃತ್ತಿಯನ್ನು ನಿಲ್ಲಿಸಿ, ಆ ವರ್ಷದ ಡಿಸೆಂಬರ್ 31ರ ನಂತರ ಹಳೆಯ ಪುಕ್ಕಟೆ ಪ್ರತಿಗಳೂ ತೆರೆಯುವುದಿಲ್ಲ ಎಂದರು. ಇಲ್ಲಿ ಯಂತ್ರ ಬದಲಾಗಿರಲಿಲ್ಲ, ಫೈಲಿನ ರೂಪ ಬದಲಾಗಿರಲಿಲ್ಲ. ಬದಲಾದದ್ದು ಕೊಟ್ಟವರ ಮನಸ್ಸು.

ಇದಕ್ಕೆ ಮದ್ದು ಮೂಲ ಸಂಕೇತವೇ ಎಲ್ಲರ ಕೈಗೆ ಸಿಗುವ ಮುಕ್ತ ತಂತ್ರಾಂಶ. ಅಲ್ಲೂ ದಾರಿ ನೇರವಾಗಿರಲಿಲ್ಲ. ಗ್ನೂ ಯೋಜನೆಯ ಲಿಬ್ರೆಡಿಡಬ್ಲ್ಯೂಜಿ 2009ರಲ್ಲಿ ಶುರುವಾಯಿತು. ಅದರ ಪರವಾನಗಿ ಜಿಪಿಎಲ್ ಮೂರನೆಯ ಆವೃತ್ತಿ. ಅದನ್ನು ಬಳಸಿಕೊಳ್ಳಬೇಕಿದ್ದ ಲಿಬ್ರೆಕ್ಯಾಡ್, 1999ರಲ್ಲಿ ಹುಟ್ಟಿದ ಕ್ಯೂಕ್ಯಾಡ್‌ನ ಮೇಲೆ ಕಟ್ಟಿದ್ದು, ಅದರದು ಎರಡನೆಯ ಆವೃತ್ತಿ. ಎರಡೂ ಸ್ವಾತಂತ್ರ್ಯದ ಪರವಾನಗಿಗಳೇ, ಆದರೆ ಒಂದರ ಜೊತೆ ಒಂದು ಕೂಡುವಂತಿಲ್ಲ. ಪರವಾನಗಿ ಸಡಿಲಿಸಿ ಎಂಬ ಕೋರಿಕೆಗೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪಲಿಲ್ಲ. ಕೊನೆಗೆ ಲಿಬ್ರೆಕ್ಯಾಡ್ ಕಡೆಯವರು ತಮ್ಮದೇ ಲೈಬ್ರರಿಯನ್ನು ಮೊದಲಿನಿಂದ ಬರೆದುಕೊಂಡರು. ಬೀಗ ಒಡೆಯಲು ಹೊರಟವರ ನಡುವೆಯೇ ಇನ್ನೊಂದು ಬೀಗ ಬಿದ್ದು ಕೆಲವು ವರ್ಷ ಕಳೆದವು.

ಬರಹ ಕನ್ನಡದಲ್ಲಿದ್ದರೆ

ಕನ್ನಡದಲ್ಲಿ ಬರಹವಿರುವ ಡ್ರಾಯಿಂಗುಗಳಿಗೆ ಇನ್ನೊಂದು ತೊಡಕಿದೆ. ಡಿಡಬ್ಲ್ಯೂಜಿಯೊಳಗಿನ ಬರಹ ಯುನಿಕೋಡ್‌ಗೆ ಹೊರಳಿದ್ದು 2007ರ ರೂಪದಲ್ಲಿ. ಅದಕ್ಕೂ ಹಿಂದಿನ ಕನ್ನಡದ ನಕ್ಷೆಗಳಲ್ಲಿ ಸರ್ವೆ ನಂಬರು, ರಸ್ತೆ, ಕೆರೆಯ ಹೆಸರುಗಳನ್ನು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಬರೆದಿದ್ದರೆ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳೇ, ಕನ್ನಡದ ವೇಷ ಹಾಕುವುದು ಫಾಂಟು. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕೆರೆಯ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗುತ್ತದೆ. ಗೆರೆಗಳೆಲ್ಲ ಸರಿಯಾಗಿರುತ್ತವೆ, ಯಾರ ಹೊಲ ಎಂಬುದು ಮಾತ್ರ ತಿಳಿಯುವುದಿಲ್ಲ. ಇಂಥ ಫೈಲನ್ನು ಹೊಸ ರೂಪಕ್ಕೆ ತರುವವರು ಫಾಂಟನ್ನೂ ಜೊತೆಗೆ ಎತ್ತಿಟ್ಟುಕೊಳ್ಳಬೇಕು, ಅಥವಾ ಬರಹವನ್ನು ಯುನಿಕೋಡ್‌ಗೆ ಬದಲಿಸಬೇಕು.

ಹಳೆಯ ಯಂತ್ರದಲ್ಲಿ ಇವತ್ತು ಆಗುವುದೇನು

ಈ ಇತಿಹಾಸದ ಫಲವಾಗಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಮೂರು ದಾರಿಗಳಿವೆ.

ಮೊದಲನೆಯದು ಫೈಲನ್ನೇ ಹಿಂದಕ್ಕೆ ತರುವುದು. ಆಟೊಕ್ಯಾಡ್‌ನ ಈಚಿನ ಆವೃತ್ತಿಗಳಲ್ಲೂ ಡಿಡಬ್ಲ್ಯೂಜಿಯನ್ನು ಹಳೆಯ ರೂಪಗಳಿಗೆ, ಡಿಎಕ್ಸ್‌ಎಫನ್ನು ರಿಲೀಸ್ 12ರವರೆಗೆ ಇಳಿಸಿ ಸೇವ್ ಮಾಡಬಹುದು. ಕಳಿಸುವವರಿಗೆ ಅದು ಅರ್ಧ ನಿಮಿಷದ ಕೆಲಸ. ಅವರು ಮಾಡಿಕೊಡದಿದ್ದರೆ ಅಲಯನ್ಸ್‌ನ ಓಡಿಎ ಫೈಲ್ ಕನ್ವರ್ಟರ್ ಎಂಬ ಪುಕ್ಕಟೆ ಉಪಕರಣ ಇದೆ. ಇಡೀ ಫೋಲ್ಡರಿನ ಫೈಲುಗಳನ್ನು ಒಟ್ಟಿಗೆ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ, ಡಿಡಬ್ಲ್ಯೂಜಿಯಿಂದ ಡಿಎಕ್ಸ್‌ಎಫ್‌ಗೆ ಬದಲಿಸುತ್ತದೆ. ಅದನ್ನು ಹಳೆಯ ಯಂತ್ರದಲ್ಲೇ ನಡೆಸಬೇಕೆಂದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಬದಲಿಸಿ ಪೆನ್‌ಡ್ರೈವಿನಲ್ಲಿ ತಂದರಾಯಿತು. ಭದ್ರತಾ ಅಪ್‌ಡೇಟುಗಳು 2014ರಲ್ಲೇ ನಿಂತುಹೋದ ಎಕ್ಸ್‌ಪಿ ಯಂತ್ರವನ್ನು ಇಂಟರ್‌ನೆಟ್‌ನಿಂದ ದೂರ ಇಡುವುದೂ ಇದರಿಂದ ಸಾಧ್ಯ.

ಎರಡನೆಯದು ಹಗುರ ಸಾಫ್ಟ್‌ವೇರ್. ಲಿಬ್ರೆಕ್ಯಾಡ್ ಎರಡು ಆಯಾಮದ ಡ್ರಾಯಿಂಗಿಗೆ ಮೀಸಲು, ಸಣ್ಣದು, ಹಳೆಯ ಯಂತ್ರದಲ್ಲೂ ಎದ್ದು ಕೂರುತ್ತದೆ. ಡಿಡಬ್ಲ್ಯೂಜಿಯನ್ನು ಒಂದು ಮಟ್ಟಿಗೆ ಓದುತ್ತದೆ, ಸೇವ್ ಮಾಡುವುದು ಡಿಎಕ್ಸ್‌ಎಫ್ ಆಗಿ. ಕ್ಯೂಕ್ಯಾಡ್‌ನ ಪುಕ್ಕಟೆ ಆವೃತ್ತಿಯೂ ಡಿಎಕ್ಸ್‌ಎಫ್‌ಗೆ ಮಾತ್ರ, ಡಿಡಬ್ಲ್ಯೂಜಿ ಬೇಕೆಂದರೆ ದುಡ್ಡು ಕೊಡಬೇಕು. ಮೂರು ಆಯಾಮದ ಕೆಲಸ ಮಾಡುವ ಫ್ರೀಕ್ಯಾಡ್‌ಗೆ ಡಿಡಬ್ಲ್ಯೂಜಿ ತೆರೆಯಲು ಓಡಿಎ ಕನ್ವರ್ಟರೋ ಲಿಬ್ರೆಡಿಡಬ್ಲ್ಯೂಜಿಯೋ ಜೊತೆಗಿರಬೇಕು, ಯಂತ್ರವೂ ಸ್ವಲ್ಪ ಗಟ್ಟಿಯಾಗಿರಬೇಕು.

ಮೂರನೆಯದು ಯಂತ್ರಕ್ಕೆ ಲಿನಕ್ಸ್ ಹಾಕುವುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಚೆನ್ನಾಗಿ ನಡೆಯುತ್ತಿದ್ದರೂ ವಿಂಡೋಸ್ 11 ಒಪ್ಪದ ಎಷ್ಟೋ ಕಂಪ್ಯೂಟರುಗಳು ಒಂದೇ ದಿನದಲ್ಲಿ 'ಹಳೆಯವು' ಆದವು. 64-ಬಿಟ್ ಆಗಿದ್ದರೆ ಅವಕ್ಕೆ ಈ ದಾರಿ ಸಲೀಸು. 32-ಬಿಟ್ ಯಂತ್ರಗಳಿಗೆ ಅದೂ ಕಿರಿದಾಗುತ್ತಿದೆ. ಡೆಬಿಯನ್‌ನಂಥ ವ್ಯವಸ್ಥೆಯೂ 2025ರ 13ನೇ ಆವೃತ್ತಿಯಿಂದ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿದೆ.

ಮೂರರಲ್ಲೂ ಒಂದು ಸಾಮಾನ್ಯ ಅಂಶ ಕಾಣುತ್ತದೆ. ಡಿಡಬ್ಲ್ಯೂಜಿಯಲ್ಲಿ ಸಿಕ್ಕಿಕೊಂಡ ಡ್ರಾಯಿಂಗನ್ನು ಹೊರತರಲು ಬೇರೆಯವರ ಉಪಕರಣ ಬೇಕು, ಡಿಎಕ್ಸ್‌ಎಫ್‌ಗೆ ಬಂದ ಡ್ರಾಯಿಂಗನ್ನು ಯಾವ ಯಂತ್ರವಾದರೂ ಓದುತ್ತದೆ. ಒಂದು ಸೇತುವೆ ನೂರು ವರ್ಷ ನಿಲ್ಲುತ್ತದೆ, ಒಂದು ಪ್ರೆಸ್ ಯಂತ್ರ ಮೂವತ್ತು ವರ್ಷ ದುಡಿಯುತ್ತದೆ. ಅವುಗಳ ರಿಪೇರಿಗೆ ಮೂಲ ಡ್ರಾಯಿಂಗ್ ಬೇಕಾದ ದಿನ ಅದನ್ನು ಬರೆದ ಸಾಫ್ಟ್‌ವೇರೂ ಕಂಪ್ಯೂಟರೂ ಇರುವುದಿಲ್ಲ. ಟ್ರೇಸಿಂಗ್ ಪೇಪರಿಗೆ ಈ ತೊಂದರೆ ಇರಲಿಲ್ಲ. ಗೆದ್ದಲು, ನೀರು ತಪ್ಪಿಸಿದರೆ ಕಣ್ಣಿದ್ದವರೆಲ್ಲ ಅದನ್ನು ಓದಬಹುದಿತ್ತು.

ಹಾಗಾಗಿ ಡ್ರಾಯಿಂಗ್ ಕೈಬದಲಾಗುವ ಪ್ರತಿ ಕೆಲಸದಲ್ಲೂ ಡಿಡಬ್ಲ್ಯೂಜಿಯ ಜೊತೆಗೆ ಒಂದು ಡಿಎಕ್ಸ್‌ಎಫ್ ಪ್ರತಿ, ನೋಡಲು ಒಂದು ಪಿಡಿಎಫ್ ಪ್ರತಿ ಕೊಡಬೇಕು ಎಂದು ವರ್ಕ್ ಆರ್ಡರಿನಲ್ಲೇ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು. ಹೊಸ ಕಂಪ್ಯೂಟರ್ ಕೊಳ್ಳುವುದಕ್ಕಿಂತ ಅದು ಅಗ್ಗ, ಹೆಚ್ಚು ಕಾಲ ಬಾಳುವಂಥದು.